ಹಲ್ಲಿಗೆ ಸಿಕ್ಕ ರಸ್ತೆ

ಕಳೆದ ಮಂಗಳವಾರ ಎದುರು ಮನೆಯ ರಜಿಯಾಬಿ ಒಂದು ಖಡಕ್ ರೊಟ್ಟಿ ತಂದು ನನ್ನ ಕೈಗೆ ಕೊಟ್ಟು, ತಿಂದು ನೋಡಿ ಅಂದರು. ಪಲ್ಯ ಇಲ್ಲ, ಚಟ್ನಿ ಇಲ್ಲ. ಬರೀ ರೊಟ್ಟಿ. ಮುರಿದು ಬಾಯಿಗೆ ಹಾಕಿಕೊಂಡೆ. ಕರ್ರ್ ಅಂತು. ಅದು ಜೋಳದ ಸಪ್ಪಳ ಅಲ್ಲ, ನಮ್ಮ ಓಣಿಯ ಮಣ್ಣಿನ ಸಪ್ಪಳ.

ರಜಿಯಾಬಿ ರೊಟ್ಟಿ ಬಡಿದು, ಅಂಗಳದಲ್ಲಿ ಒಣಗಿಸಿ, ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಖಾನಾವಳಿಗೆ ಕೊಡುತ್ತಾರೆ. ಅವರ ಮನೆ ನಡೆಯುವುದೇ ಅದರ ಮೇಲೆ. ಅವತ್ತು ಖಾನಾವಳಿಯವನು ಇಡೀ ಗಂಟು ವಾಪಸ್ ಕಳಿಸಿದ್ದ. ಇನ್ನೊಮ್ಮೆ ಹೀಗಾದರೆ ಅಫಜಲಪುರದಿಂದ ರೊಟ್ಟಿ ತರಿಸಿಕೊಳ್ಳುತ್ತೇನೆ ಅಂದನಂತೆ.

ನಾನು ತಕ್ಷಣ ಭಾಷಣ ಶುರು ಮಾಡಿದೆ. ಪೈಪ್ ಹಾಕಲು ರಸ್ತೆ ಅಗೆದರು, ಡಾಂಬರು ಮರೆತರು, ಖಜೂರಿ ಊರಿನ ಕಡೆಯ ಲಾರಿಗಳೂ ಶಾರ್ಟ್‌ಕಟ್ ಅಂತ ಇಲ್ಲೇ ನುಗ್ಗುತ್ತವೆ. ಕೊನೆಗೆ, ಎಲ್ಲರೂ ನನ್ನ ಹಾಗೆ ಮಾಡಿದರೆ ಆಳಂದದಲ್ಲಿ ಧೂಳೇ ಇರುವುದಿಲ್ಲ ಅಂತಲೂ ಅಂದೆ.

(ನಾನು ಮಾಡುವುದು ಇಷ್ಟೇ. ಬಟ್ಟೆ ಒಗೆದ ನೀರನ್ನು ಕೂಡಿಟ್ಟು ದಿನಾ ಎರಡು ಹೊತ್ತು ನಮ್ಮ ಬಾಗಿಲ ಮುಂದೆ ಸುರಿಯುತ್ತೇನೆ. ಸರಿಯಾಗಿ ನಮ್ಮ ಮನೆಯ ಅಗಲಕ್ಕೆ. ಮೂವತ್ತು ದಾಟಿದ ಮೇಲೆ ಹತ್ತನೇ ಕ್ಲಾಸ್ ಪಾಸಾದವನು ನಾನು. ಪರಿಸರದ ಪಾಠ ಇನ್ನೂ ಬಾಯಿಪಾಠ.)

ರಜಿಯಾಬಿ ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ಸಿಟ್ಟಿಗೇಳಬ್ಯಾಡ್ರಿ ಸರ. ನೀವು ನಿಮ್ಮ ಕಡಿ ಹಸಿ ಮಾಡ್ತೀರಿ. ಜಾರ್ತದಂತ ಗಾಡಿಯವ್ರು ನಮ್ಮ ಕಡಿ ಬರ್ತಾರ. ನಿಮ್ಮ ಪಾಲಿನ ಧೂಳೂ ನಮ್ಮ ರೊಟ್ಟಿ ಮ್ಯಾಲೇ ಬೀಳಾಕತ್ತದ."

ನಂಬಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಒಂದು ಆಟೋ ಬಂತು, ನನ್ನ ಕೆಸರು ಕಂಡು ಆಚೆ ವಾಲಿತು. ಹಿಂದೆ ಬಂದ ಟ್ರ್ಯಾಕ್ಟರೂ ಹಾಗೇ. ಎರಡೂ ಅವರ ಅಂಗಳದ ಅಂಚಿಗೇ ಧೂಳೆಬ್ಬಿಸಿ ಹೋದವು. ನಮ್ಮ ಕಡೆ ಗಾಳಿ ಎಷ್ಟು ಸ್ವಚ್ಛ! ಆರು ತಿಂಗಳಿಂದ ನಾನು ಧೂಳನ್ನು ಕಡಿಮೆ ಮಾಡಿರಲೇ ಇಲ್ಲ. ಅದರ ಅಡ್ರೆಸ್ ಬದಲಿಸಿದ್ದೆ, ಅಷ್ಟೇ.

ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ನೀವು ಒಳ್ಳೇದೇ ಮಾಡಾಕತ್ತೀರಿ. ಹ್ಯಾಂಗ ಬ್ಯಾಡ ಅನ್ಲಿ?"

ಕೆಟ್ಟದ್ದು ಮಾಡುವವರ ಜೊತೆ ಜಗಳ ಆಡಬಹುದು. ಒಳ್ಳೆಯದು ಮಾಡುವವನ ಜೊತೆ ಏನು ಮಾಡುವುದು?

ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು. "ಆಕಿಗಿ ದಿನಾ ಧೂಳ ಕುಡಿಸಿ, ಶರಬತ್ ಕುಡಿಸ್ದಂಗ ಮೀಸಿ ತಿರುವ್ತಿದ್ರಿ."

ಈಗಲೂ ನೀರು ಅಷ್ಟೇ. ನಲ್ಲಿ ವಾರಕ್ಕೊಮ್ಮೆ ಬರುವ ಓಣಿಯಲ್ಲಿ ಹೆಚ್ಚಿನದು ಎಲ್ಲಿಂದ ತರಲಿ? ಆದರೆ ಕೆಸರಾಗುವಂತೆ ಸುರಿಯುವುದಿಲ್ಲ. ತೆಳ್ಳಗೆ, ರಸ್ತೆಯ ನಡುವಿನ ತನಕ ಚಿಮುಕಿಸುತ್ತೇನೆ. ಆಚೆಯಿಂದ ರಜಿಯಾಬಿ ಪಾತ್ರೆ ತೊಳೆದ ನೀರು ಚಿಮುಕಿಸುತ್ತಾರೆ. ಗಾಡಿಗಳು ಈಗ ಯಾರ ಕಡೆಗೂ ವಾಲುವುದಿಲ್ಲ. ನಿನ್ನೆ ಖಾನಾವಳಿಯವನು ತಾನೇ ಬಂದ. ನಿಂತಲ್ಲೇ ಒಂದು ರೊಟ್ಟಿ ಕಡಿದ, ನಾಲಿಗೆ ಹೊರಳಿಸಿದ, ಸ್ವಲ್ಪ ಯೋಚಿಸಿದ. ಅರ್ಧ ಗಂಟು ಒಯ್ದ, ಅರ್ಧ ಬಿಟ್ಟುಹೋದ.

ನಮ್ಮಿಬ್ಬರ ನೀರು ಪೂರ್ತಿ ಕೂಡುವುದಿಲ್ಲ. ರಸ್ತೆಯ ನಡುವೆ ಮೊಳದಗಲದ ಒಣ ಪಟ್ಟಿಯೊಂದು ಉಳಿಯುತ್ತದೆ, ಈಗ ಧೂಳೇಳುವುದು ಅಲ್ಲಿಂದ. ರಜಿಯಾಬಿಯ ಉಳಿದರ್ಧ ಗಂಟು ಸಿಕ್ಕಿಕೊಂಡಿರುವುದು ಅಲ್ಲೇ.

ಅಷ್ಟನ್ನಾದರೂ ಸರಕಾರ ನೋಡಿಕೊಳ್ಳಬಾರದೇ?