ಅಪ್ಪ ಬೇಡ ಅಂದರು

ನನ್ನ ತಂಗಿಗೆ ಎರಡನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಎರಡೂ ಕಿವಿ ಹೋದವು. ಅಷ್ಟರೊಳಗೆ ಮಾತು ಕಲಿತಿದ್ದಳು, ಅದು ಉಳಿಯಿತು. ಬೇರೆಯವರ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳು ಬಿಡಲಿಲ್ಲ.

ಶಿಕಾರಿಪುರದಿಂದ ಈಸೂರಿನ ಕಡೆ ಹೋಗುವ ದಾರಿಯಲ್ಲಿ ನಮ್ಮ ಊರು. ಅಪ್ಪನದು ಹಿಟ್ಟಿನ ಗಿರಣಿ. ಅದರ ಸದ್ದಿನಲ್ಲಿ ನಾವೆಲ್ಲ ಕೂಗಿ ಕೂಗಿ ಮಾತಾಡಿದರೂ ಅರ್ಧ ತಿಳಿಯುತ್ತಿರಲಿಲ್ಲ. ಅವಳಿಗೆ ಮಾತ್ರ ಅಲ್ಲಿ ಯಾರ ಮಾತೂ ತಪ್ಪುತ್ತಿರಲಿಲ್ಲ. ಒಮ್ಮೆ ಇಂಜಿನ್ನಿನ ಮೈಮೇಲೆ ಅಂಗೈ ಇಟ್ಟು ನಿಂತವಳು, "ಅಪ್ಪಾ, ಬೇರಿಂಗ್ ಹೋಗೇತಿ" ಅಂದಳು. ಅಪ್ಪ ನಂಬಲಿಲ್ಲ. ಎರಡು ದಿನದ ಮೇಲೆ ಗಿರಣಿ ನಿಂತಿತು. ಶಿಕಾರಿಪುರದಿಂದ ಬಂದ ಮೆಕ್ಯಾನಿಕ್ ಬಿಚ್ಚಿ ನೋಡಿ, "ಇಕಿನ್ನ ನನ್ನ ಜೊತಿ ಕಳಸ್ರಿ ಯಜಮಾನ್ರೆ, ನಮ್ಮ ಹುಡುಗ್ರಿಗಿಂತ ವಾಸಿ ಅದಾಳೆ" ಎಂದು ನಕ್ಕ. ಅವಳು ನಗಲಿಲ್ಲ. ಅಂಥ ಕೆಲಸ ಕಲಿಸುವ ಕಡೆ ಎಲ್ಲಿದೆ ಎಂದು ಅವನನ್ನು ಕೇಳಿದಳು.

ಹೈಸ್ಕೂಲಿನಲ್ಲಿ ಅವಳಿಗೆ ಒಬ್ಬ ವಿಜ್ಞಾನದ ಮೇಷ್ಟ್ರು ಸಿಕ್ಕರು. ಅದು ಅವಳ ಪುಣ್ಯ. ಬೋರ್ಡಿನ ಮೇಲೆ ಬರೆಯುವಾಗ ಅವರು ಬಾಯಿ ಬಿಡುತ್ತಿರಲಿಲ್ಲ. ಬರೆದು ಮುಗಿಸಿ, ಅವಳ ಕಡೆ ತಿರುಗಿ, ಆಮೇಲೆ ಮಾತಾಡುತ್ತಿದ್ದರು. ಶಬ್ದದ ಪಾಠ ಬಂದಾಗ ಮಕ್ಕಳು ಕಿಸಕ್ಕೆಂದರಂತೆ, ಕಿವುಡಿಗೆ ಶಬ್ದದ ಪಾಠ ಎಂತಕ್ಕೆ ಅಂತ. ಮೇಷ್ಟ್ರು ಕವೆಯಂಥ ಒಂದು ಕಬ್ಬಿಣವನ್ನು ಬಡಿದು ಅದರ ಬುಡವನ್ನು ಇವಳ ಗದ್ದದ ಮೂಳೆಗೆ ಒತ್ತಿ ಹಿಡಿದರು. ಅವತ್ತು ಸಂಜೆ ಮನೆಗೆ ಬಂದವಳು ನನ್ನ ಗದ್ದ ಮುಟ್ಟಿ, "ಅಕ್ಕಾ, ಶಬ್ದ ಅಂದ್ರೆ ಬರೇ ನಡುಕ. ನೀವೆಲ್ಲ ಸುಮ್ನೆ ದೊಡ್ದು ಮಾಡ್ತೀರಿ" ಅಂದಳು.

ಅವಳು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ ಸೊರಬದ ಕಡೆಯಿಂದ ನನ್ನನ್ನು ನೋಡಲು ಬಂದರು. ತಂಗಿಗೆ ಕಿವಿ ಕೇಳುವುದಿಲ್ಲ ಎಂದು ನಾವು ಬಾಯಿ ಬಿಡಲಿಲ್ಲ. ಅಪ್ಪನ ಅಕ್ಕನೊಬ್ಬಳಿಗೂ ಕೇಳುತ್ತಿರಲಿಲ್ಲ. ಜ್ವರದ ಮಾತು ಯಾರು ನಂಬುತ್ತಾರೆ? ಮನೆತನದಲ್ಲೇ ಇದೆ, ನಾಳೆ ಹುಟ್ಟುವ ಕೂಸಿಗೂ ಬರುತ್ತದೆ ಅನ್ನುತ್ತಾರೆ. "ನಾಚಿಕೆ ಸ್ವಭಾವ" ಎಂದು ಅವ್ವ ಹೇಳಿದಳು. ನಾಚಿಕೆಯ ಹುಡುಗಿ ಉಪ್ಪಿಟ್ಟಿನ ತಟ್ಟೆ ಕೊಟ್ಟು ಒಳಗೆ ಬಂದು, "ಹುಡುಗನ ಚಿಕ್ಕವ್ವ ಗೋಡೆ ಕಡೆ ತಿರುಗಿ ಏನೋ ಅಂದ್ಳು. ಕನ್ನಡಿಯಾಗೆ ಕಾಣ್ತು. ನಿನ್ನ ಮೂಗು ದಪ್ಪಂತೆ" ಅಂದಳು. ಸೆರಗು ಬಾಯಿಗಿಟ್ಟು ನಗುತ್ತಲೇ ನಾನು ಹೊರಗೆ ಹೋಗಿ ಕೂತೆ. ಅವರು ಒಪ್ಪಿದರು. ಮದುವೆ ಕಾರ್ತಿಕಕ್ಕೆ ಗೊತ್ತಾಯಿತು.

ಬೇಸಿಗೆ ಕಳೆಯುವ ಹೊತ್ತಿಗೆ ಅವಳ ಫಲಿತಾಂಶ ಬಂತು. ಫಸ್ಟ್ ಕ್ಲಾಸ್. ಮೇಷ್ಟ್ರು ಸೈಕಲ್ಲಿನಲ್ಲಿ ಗಿರಣಿಗೇ ಬಂದರು, ಕೈಯಲ್ಲಿ ಪಾಲಿಟೆಕ್ನಿಕ್ಕಿನ ಅರ್ಜಿ.

"ನೋಡ್ರಿ, ಇಂಥ ಮಕ್ಕಳಿಗೆ ಬೇರೆ ಸೀಟು ಇಟ್ಟಾರೆ. ಮೆಕ್ಯಾನಿಕಲ್ ಡಿಪ್ಲೊಮಾ. ಶಿವಮೊಗ್ಗದ ದೊಡ್ಡಾಸ್ಪತ್ರೆಯಾಗೆ ಕಿವಿ ನೋಡಿ ಸರ್ಟಿಫಿಕೇಟ್ ಬರ್ಕೊಡ್ತಾರೆ. ನಾನೇ ಕರ್ಕೊಂಡು ಹೋಗ್ತೀನಿ. ನೀವು ಸಹಿ ಮಾಡಿದ್ರೆ ಸಾಕು."

ಅಪ್ಪ ಹಿಟ್ಟಿನ ಕೈ ಪಂಚೆಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡರು. ಆಮೇಲೆ ನನ್ನ ಮುಖ ನೋಡಿದರು.

"ನೀ ಏನಂತಿ ಅವ್ವಾ?"

ತಂಗಿ ಹೊಸ್ತಿಲ ಮೇಲೆ ಕೂತು ನಮ್ಮ ಮೂವರ ಬಾಯಿಯನ್ನೂ ನೋಡುತ್ತಿದ್ದಳು. ನಾನು ಅವಳಿಗೆ ಬೆನ್ನು ಮಾಡಿ, ಅಪ್ಪನ, ಮೇಷ್ಟ್ರ ಮುಖ ಅವಳಿಗೆ ಕಾಣದ ಹಾಗೆ ಅಡ್ಡ ನಿಂತೆ.

"ಸೀಟು ಸಿಕ್ಕೋರ ಹೆಸರು ಗೋಡೆಗೆ ಹಚ್ತಾರಂತಲ್ಲ ಸಾರ್. ಹೆಸರಿನ ಮುಂದೆ ಅಂಗವಿಕಲೆ ಅಂತ ಬರೀತಾರೆ. ಹುಡುಗನ ಕಡೆಯೋರು ಯಾರಾದ್ರೂ ನೋಡಿದ್ರೆ? ನನ್ನ ಮದುವಿ ಮುಗೀಲಿ. ಅವಳಿಗೆ ಅಷ್ಟೇನೂ ಕಿವುಡಿಲ್ಲ ಸಾರ್, ಹೆಂಗೋ ನಡೀತೈತಿ."

ಮೇಷ್ಟ್ರು, "ನೀನೂ ಹೆಣ್ಣುಮಗಳು, ತಿಳಿದು ಹೇಳು ತಾಯಿ" ಅಂದರು. ಅಪ್ಪ ಪೆನ್ನು ಹಿಂದಕ್ಕೆ ಕೊಟ್ಟರು. ಮೇಷ್ಟ್ರು ಸೈಕಲ್ ಹತ್ತಿದ ಮೇಲೆ ತಂಗಿ ಎದ್ದು ಬಂದು ನನ್ನ ತೋಳು ಹಿಡಿದಳು.

"ಏನಾತು?"

"ಅಪ್ಪ ಬ್ಯಾಡ ಅಂದ್ರು."

ಅಪ್ಪ ಎರಡು ಮಾರು ದೂರದಲ್ಲಿ ಚೀಲದ ಬಾಯಿ ಕಟ್ಟುತ್ತಿದ್ದರು. ಕೇಳಿಸಿಕೊಂಡರು. ನನ್ನನ್ನು ಒಂದು ಸಲ ನೋಡಿ ಮತ್ತೆ ಚೀಲಕ್ಕೆ ಬಗ್ಗಿದರು.

ಆ ವರ್ಷ ಅವಳನ್ನು ಶಿಕಾರಿಪುರದಲ್ಲಿ ಪಿಯುಸಿಗೆ ಸೇರಿಸಿದರು. ವಿಜ್ಞಾನವನ್ನೇ ತೆಗೆದುಕೊಂಡಳು. ನಾನು ಮದುವೆಯಾಗಿ ಸೊರಬದ ಉಳವಿಯ ಹತ್ತಿರದ ಹಳ್ಳಿಗೆ ಬಂದೆ. ಅವಳ ಕಾಗದಗಳು ಬರುತ್ತಿದ್ದವು. ಅಲ್ಲಿ ಪಾಠ ಮಾಡುವವರು ಬೆಂಚುಗಳ ನಡುವೆ ಓಡಾಡುತ್ತ ನೋಟ್ಸ್ ಹೇಳುತ್ತಾರೆ, ತನಗೆ ಅವರ ಬೆನ್ನು ಮಾತ್ರ ಸಿಗುತ್ತದೆ ಎಂದು ಬರೆದಿದ್ದಳು. ಒಂದು ದಿನ ಪ್ರಯೋಗಶಾಲೆಯಲ್ಲಿ ಯಾವುದೋ ಆಸಿಡ್ಡಿಗೆ ಏನೋ ಬೆರೆಸುತ್ತಿದ್ದಾಗ ಹಿಂದಿನಿಂದ ನಿಲ್ಲಿಸು ಎಂದು ಕೂಗಿದ್ದಾರೆ. ಇವಳು ನಿಲ್ಲಿಸಲಿಲ್ಲ. ಮೇಜಿನ ಮೇಲೆ ಉಕ್ಕಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಕಿವಿ ಕೇಳದ ವಿಷಯ ಅರ್ಜಿಯಲ್ಲಿ ಯಾಕೆ ಬರೆದಿಲ್ಲ, ಸರ್ಟಿಫಿಕೇಟ್ ಎಲ್ಲಿ, ನಾಳೆ ಹೆಚ್ಚುಕಡಿಮೆಯಾದರೆ ಜವಾಬ್ದಾರಿ ಯಾರದು ಎಂದು ಕೇಳಿದರು. ಅವತ್ತಿನಿಂದ ಅವಳನ್ನು ಒಳಗೆ ಬಿಡಲಿಲ್ಲ. ಪ್ರಯೋಗದ ಪುಸ್ತಕಕ್ಕೆ ಸಹಿ ಬೀಳಲಿಲ್ಲ. ಆರ್ಟ್ಸಿಗೆ ಹೋಗು ಅಂದರಂತೆ. ಅವಳು ಹೋಗಲಿಲ್ಲ, ಮನೆಗೆ ಬಂದಳು.

ಒಬ್ಬ ಮೇಷ್ಟ್ರು ತನ್ನ ಕಡೆ ಮುಖ ಮಾಡಿ ಮಾತಾಡಿದ್ದಕ್ಕೆ ಫಸ್ಟ್ ಕ್ಲಾಸ್ ಬಂದ ಹುಡುಗಿ ಅವಳು. ಪಾಲಿಟೆಕ್ನಿಕ್ಕಿನಲ್ಲೂ ಬೆನ್ನು ಹಾಕುವವರೇ ಇದ್ದರೋ ಏನೋ, ನನಗೆ ತಿಳಿಯದು. ಆದರೆ ಅಲ್ಲಿ ಅವಳು ಬಚ್ಚಿಟ್ಟುಕೊಂಡು ಕೂರಬೇಕಾಗಿರಲಿಲ್ಲ. ನನಗೆ ಕೇಳುವುದಿಲ್ಲ, ಇತ್ತ ತಿರುಗಿ ಎಂದು ಬಾಯಿಬಿಟ್ಟು ಕೇಳಬಹುದಿತ್ತು.

ಮರುವರ್ಷ ಅಪ್ಪನೇ ಶಿವಮೊಗ್ಗಕ್ಕೆ ಹೋಗೋಣ ನಡಿ ಎಂದು ಕರೆದರು. ಅವಳು ಅವರ ಮುಖ ನೋಡಲಿಲ್ಲ. ನೋಡದಿದ್ದರೆ ಅವಳಿಗೆ ಮಾತಿಲ್ಲ. ಅಪ್ಪನ ಮೇಲೆ ಅವಳು ಸಿಟ್ಟು ಮಾಡಿದ್ದು ಹೀಗೆ. ಊಟಕ್ಕೆ ಬಡಿಸುವಳು, ಬಟ್ಟೆ ಒಗೆಯುವಳು, ಗಿರಣಿಯಲ್ಲಿ ಪಕ್ಕದಲ್ಲೇ ದುಡಿಯುವಳು. ಕಣ್ಣು ಮಾತ್ರ ಎತ್ತುತ್ತಿರಲಿಲ್ಲ. ತವರಿಗೆ ಹೋದಾಗಲೆಲ್ಲ ನೋಡುತ್ತಿದ್ದೆ. ಅಪ್ಪ ಅವಳ ಎದುರು ನಿಂತು ಏನೋ ಹೇಳುವರು, ಅವಳು ನೆಲ ನೋಡುವಳು, ಅಪ್ಪ ಆ ಕಡೆ ಹೋಗುವರು. ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಪ್ಪನೂ ಹೇಳಲಿಲ್ಲ. ಅಕ್ಕತಂಗಿಯರ ನಡುವೆ ಕೆಡಬಾರದು ಎಂದುಕೊಂಡಿದ್ದರೇನೋ. ನಾನು ಅದನ್ನೇ ನೆಪ ಮಾಡಿಕೊಂಡು ಐದಾರು ವರ್ಷ ಕಳೆದೆ. ಹಿಟ್ಟಿನ ಧೂಳಿಗೆ ಅಪ್ಪನ ಎದೆ ಕೆಟ್ಟಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಹೋದರು.

ತಿಥಿ ಮುಗಿಸಿ ಗಂಡನ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅತ್ತೆ ಅಕ್ಕಿ ಆರಿಸುತ್ತ, "ಪಾಪ, ಆ ಕಿವುಡು ಹುಡುಗಿನ ಇನ್ನು ಯಾರು ನೋಡ್ಕೋತಾರೆ?" ಅಂದರು. ನಾನು ಬೆಚ್ಚಿದೆ. ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ನಿನ್ನ ನೋಡಕ್ಕೆ ಬಂದ ದಿನವೇ ಗೊತ್ತಾಯ್ತು ಮಾರಾಯ್ತಿ. ನೀರು ಕೊಡು ಮಗಾ ಅಂತ ಹಿಂದಿಂದ ಮೂರು ಸಲ ಕರೆದೆ. ಅವಳು ತಿರುಗಬೇಕಲ್ಲ! ನಿಮ್ಮವ್ವ ನಾಚಿಕೆ ಅಂದ್ಲು. ಇರಲಿ ಅಂತ ಸುಮ್ನಾದೆ. ಅದಕ್ಕೆಲ್ಲ ಹುಡುಗಿ ಬಿಡ್ತಾರಾ?"

ಅತ್ತೆ ಅಕ್ಕಿಗೆ ತಿರುಗಿದರು. ಅವರ ಪಾಲಿಗೆ ಮಾತು ಅಲ್ಲಿಗೆ ಮುಗಿದಿತ್ತು.

ಮಾರನೇ ದಿನ ಮೊದಲ ಬಸ್ಸಿಗೇ ತವರಿಗೆ ಹೊರಟೆ. ತಂಗಿ ಗಿರಣಿಯ ಕಟ್ಟೆಯ ಮೇಲೆ ಒಬ್ಬಳೇ ಕೂತು ಜರಡಿ ಸರಿಮಾಡುತ್ತಿದ್ದಳು. ನನ್ನ ಮುಖಕ್ಕೆ ಬೆಳಕು ಬೀಳುವ ಹಾಗೆ ಅವಳ ಎದುರಿಗೆ ಕೂತೆ.

"ಅವತ್ತು ಬ್ಯಾಡ ಅಂದಿದ್ದು ಅಪ್ಪ ಅಲ್ಲ. ನಾನು."

ಅವಳು ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ. "ಇನ್ನೊಂದ್ಸಲ ಹೇಳು" ಅಂದಳು.

ಹೇಳಿದೆ. ಮದುವೆಗಾಗಿ ಎಂದೂ ಹೇಳಿದೆ.

"ಅಪ್ಪ ಅಂದ್ರು ಅಂತ ನೀ ಸುಳ್ಳು ಹೇಳಿದ್ದು ಅಪ್ಪಗೆ ಗೊತ್ತಿತ್ತಾ?"

"ಗೊತ್ತಿತ್ತು. ಅಲ್ಲೇ ಇದ್ರು."

ಜರಡಿಯ ಸಡಿಲ ತಂತಿಯೊಂದನ್ನು ಎಳೆದು ಬಿಗಿದಳು. ಬೈಯಲಿ ಎಂದು ನಾನು ಕಾದೆ. ಅವಳು ತಲೆ ಎತ್ತಿ, "ಆಸ್ಪತ್ರೆಯಾಗೆ ಕಡೇ ದಿನ ಅಪ್ಪ ನನ್ನ ಕಡೆ ತಿರುಗಿ ಏನೋ ಅಂದ್ರು. ನಾ ನೋಡ್ಲಿಲ್ಲ. ನೀ ಅಲ್ಲೇ ನಿಂತಿದ್ದಿ. ಏನಂದ್ರು?" ಎಂದು ಕೇಳಿದಳು.

ದೊಡ್ಡದೇನಾದರೂ ಹೇಳಿಬಿಡಲೇ ಅನ್ನಿಸಿತು. ಅವಳ ಎದುರು ಮತ್ತೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಉಂಡಿ ಏನವ್ವಾ ಅಂದ್ರು."

ಅವಳು ನನ್ನನ್ನು ನೋಡುತ್ತಲೇ ಇದ್ದಳು.

"ಉಂಡಿರ್ಲಿಲ್ಲ" ಅಂದಳು.