ಗಿರಿಜಾ ತೊಳೆಯದ ಸಿಂಕು

ಆ ಸಿಂಕನ್ನು ಹಾಳು ಮಾಡಿದವಳು ನಾನು. ಗಿರಿಜಾ ಅಲ್ಲ. ಇಷ್ಟು ಹೇಳುವುದಕ್ಕೆ ನನ್ನ ತಲೆಗೂದಲೆಲ್ಲ ಬೆಳ್ಳಗಾಗಬೇಕಾಯಿತು — ಥೂ, ನನ್ನ ಜನ್ಮಕ್ಕಿಷ್ಟು.

ಗಿರಿಜಾ ನನ್ನ ನಾದಿನಿ, ನಮ್ಮವರ ಕೊನೆಯ ತಂಗಿ. ಅರವತ್ತರ ದಶಕ ಅದು. ಭದ್ರಾವತಿಯ ಕಾರ್ಖಾನೆಯಲ್ಲಿ ನಮ್ಮವರಿಗೆ ಕೆಲಸ, ನ್ಯೂ ಟೌನಿನಲ್ಲಿ ಕ್ವಾರ್ಟರ್ಸ್. ಅಪ್ಪ ಅಮ್ಮ ಇಲ್ಲದ ಹುಡುಗಿ ನಮ್ಮ ಜೊತೆಗಿದ್ದು ಟೈಪಿಂಗ್ ಕಲಿಯುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಿತ್ತು. ಪಾಸಾದರೆ ಯಾವುದಾದರೂ ಆಫೀಸಿನಲ್ಲಿ ಕೆಲಸ ಸಿಕ್ಕೀತು, ಯಾರ ಹಂಗಿಲ್ಲದೆ ಬದುಕಬಹುದು — ಅವಳಿಗಿದ್ದದ್ದು ಅದೊಂದೇ ಆಸೆ. ಅನ್ನ ಬೇಯುವಷ್ಟು ಹೊತ್ತೂ ಮಣೆಯ ಮೇಲೆ ಬೆರಳು ಕುಟ್ಟುತ್ತಾ ಅಭ್ಯಾಸ ಮಾಡುತ್ತಿದ್ದಳು. ಆ ಟಕಟಕ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆ ಅಂದರೆ — ಯಾಕೂ ಇಲ್ಲ. ನಾನು ಕಲಿಯದ್ದನ್ನು ಅವಳು ಕಲಿಯುತ್ತಿದ್ದಳು, ಅಷ್ಟೇ.

ಇನ್ನು ಆ ಸಿಂಕು. ಸಿಂಕಂತೆ ಸಿಂಕು! ನಮ್ಮ ಸಾಲಿನಲ್ಲಿ ಎಲ್ಲರೂ ಬಚ್ಚಲ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಪಾತ್ರೆ ತಿಕ್ಕುವವರೇ. ನಮ್ಮವರು ಮುಂಬಯಿಗೆ ಹೋಗಿಬರುವ ಸ್ನೇಹಿತರೊಬ್ಬರ ಕೈಲಿ ಸ್ಟೀಲ್ ಸಿಂಕ್ ತರಿಸಿದರು. ನಾನೋ ಮಹಾರಾಣಿ! ನಿಂತುಕೊಂಡೇ ಪಾತ್ರೆ ತೊಳೆಯುವವಳು ಅಂತ ಬೀದಿಗೆಲ್ಲ ಸಾರಿಕೊಂಡು ಬಂದೆ. ಪಕ್ಕದ ಮನೆಯ ಇಂಜಿನಿಯರ ಹೆಂಡತಿ ಬಂದು ನೋಡಿ, ಮೂಗು ಮುರಿದು, "ಚೆನ್ನಾಗಿದೆ. ಆದ್ರೆ ಹೊಳಪೇ ಇಲ್ವಲ್ರೀ" ಅಂದಳು. ನೀರಿನ ಬಿಳಿ ಕಲೆ ಕೂತು ಮಂಕಾಗಿತ್ತು, ಅಷ್ಟೇ. ಒಂದಿಷ್ಟು ಸೋಡಾಪುಡಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನಗೆ ಆ ರಾತ್ರಿ ಊಟ ಸೇರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ ಆಫೀಸರ ಹೆಂಡತಿಯರನ್ನೆಲ್ಲ ಕರೆದಿದ್ದೆ. ಅಷ್ಟರೊಳಗೆ ಸಿಂಕು ಕನ್ನಡಿಯಾಗಬೇಕು. ಹಿತ್ತಾಳೆಗೆ ಹುಣಸೆಹಣ್ಣು, ಚರಂಡಿಗೆ ಬ್ಲೀಚಿಂಗ್ ಪೌಡರ್ — ನನಗೆ ಗೊತ್ತಿದ್ದ ವಿದ್ಯೆ ಅಷ್ಟೇ. ಎರಡನ್ನೂ ಕಲಸಿದರೆ ಎರಡರಷ್ಟು ಹೊಳಪು ಬರುತ್ತದೆ ಅಂತ ಈ ಬುದ್ಧಿವಂತೆ ಲೆಕ್ಕ ಹಾಕಿದಳು. ಹಬ್ಬದ ಹಿಂದಿನ ದಿನ ಮಧ್ಯಾಹ್ನ, ಗಿರಿಜಾ ಕ್ಲಾಸಿಗೆ ಹೋಗಿದ್ದಾಗ, ಹುಣಸೆ ರಸದಲ್ಲಿ ಆ ಪುಡಿ ಕಲಸಿ ತಳಕ್ಕೆ ದಪ್ಪಗೆ ಮೆತ್ತಿದೆ. ಘಾಟು ಗಂಟಲಿಗೆ ಬಡಿದು ಕೆಮ್ಮು ಬಂತು. ಅಡುಗೆಮನೆ ಬಾಗಿಲು ಹಾಕಿಕೊಂಡು ಹೊರಗಿನ ಕೋಣೆಯಲ್ಲಿ ಮಲಗಿದೆ. ಚೆನ್ನಾಗಿ ನಿದ್ದೆಯೂ ಬಂತು.

ಎದ್ದು ತೊಳೆದು ನೋಡುತ್ತೇನೆ — ಅಯ್ಯೋ ದೇವರೇ. ತಳದ ತುಂಬ ತುಕ್ಕಿನ ಬಣ್ಣ, ಅದರಡಿ ಸಣ್ಣಸಣ್ಣ ಕರಿ ಗುಳಿಗಳು, ಸಿಡುಬು ಎದ್ದುಹೋದ ಮುಖದ ಹಾಗೆ. ಅಳುತ್ತಾ ನಿಂತಿದ್ದೆ, ಗಿರಿಜಾ ಬಂದಳು. ಎಲ್ಲ ಹೇಳಿದೆ ಅವಳಿಗೆ. "ಅಣ್ಣ ಬರೋ ಹೊತ್ತಾಯ್ತು, ಅತ್ತಿಗೆ. ನೀವು ಮುಖ ತೊಳ್ಕೊಳ್ಳಿ, ನಾನು ನೋಡ್ತೀನಿ" ಅಂದಳು. ಸೆರಗು ಸಿಕ್ಕಿಸಿ, ಒಲೆಯ ಬೂದಿ, ತೆಂಗಿನ ನಾರು ತಗೊಂಡು ತಿಕ್ಕುವುದಕ್ಕೆ ನಿಂತಳು. ನನ್ನನ್ನು ಬೈಗುಳದಿಂದ ಉಳಿಸುವುದಕ್ಕೆ ನಿಂತವಳು ಅವಳು.

ನಮ್ಮವರು ಬಂದು ಬಾಗಿಲಲ್ಲೇ ನಿಂತರು. "ಏನಿದು?"

"ಬೂದಿ ಹಾಕ್ಬೇಡ್ವೇ ಮಾರಾಯ್ತಿ ಅಂತ ಬಡ್ಕೊಂಡೆ," ಅಂದೆ ನಾನು. "ಇವಳು ನನ್ನ ಮಾತು ಎಲ್ಲಿ ಕೇಳ್ತಾಳೆ?"

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಮುಖ ತೊಳೆದು ಕುಂಕುಮ ಇಟ್ಟುಕೊಂಡು, ನೆಟ್ಟಗೆ ನಿಂತು ಹೇಳಿದ್ದು. ಗಿರಿಜಾ ತಿರುಗಿ ನನ್ನ ಮುಖ ನೋಡಿದಳು, ಕೈ ಇನ್ನೂ ಬೂದಿಯಲ್ಲೇ ಇತ್ತು. ನಾನು ಏನಾದರೂ ಅನ್ನುತ್ತೇನೆ ಅಂತ ಕಾದಳೋ ಏನೋ — ನಾನು ಬೇರೆ ಕಡೆ ನೋಡಿದೆ. "ತಪ್ಪಾಯ್ತಣ್ಣ" ಅಂದಳು.

"ಟೈಪಿಂಗು ಟೈಪಿಂಗು ಅಂತ ಮನೆ ಮೇಲೆ ಜ್ಞಾನವೇ ಇಲ್ಲ ನಿಂಗೆ. ಸಾಕು ಕಲ್ತಿದ್ದು. ಶಿವಮೊಗ್ಗಕ್ಕೆ ನಡಿ, ಚಿಕ್ಕಮ್ಮನ ಹತ್ರ ಮನೆಗೆಲಸ ಕಲಿ" ಅಂದರು ನಮ್ಮವರು. ಆಗಲೂ ನಾನು ಬಾಯಿ ಬಿಡಲಿಲ್ಲ. ಹೆದರಿ ಅಲ್ಲ. ಮನೆಯಲ್ಲೊಂದು ಕೋಣೆ ಖಾಲಿಯಾಗುತ್ತದಲ್ಲ — ಒಳಗೊಳಗೇ ಖುಷಿಯಾಗಿತ್ತು. ಬೆಳಿಗ್ಗೆ ಬಸ್ಸಿಗೆ ಬುತ್ತಿ ಕಟ್ಟಿಕೊಟ್ಟೆ. ಎಂಥ ಒಳ್ಳೆಯ ಅತ್ತಿಗೆ, ನೋಡಿ!

ಆ ಮಹಾ ಹೆಂಗಸರು ಬಂದರಲ್ಲ ಸಂಜೆ — ಕೋಸಂಬರಿ ತಿಂದರು, ಒಬ್ಬರ ಸೀರೆ ಒಬ್ಬರು ಮುಟ್ಟಿ ನೋಡಿದರು, ತಾಂಬೂಲ ತಗೊಂಡು ಹೋದರು. ಒಬ್ಬಳೂ ಅಡುಗೆಮನೆಗೆ ಕಾಲಿಡಲಿಲ್ಲ.

ಶಿವಮೊಗ್ಗದ ಸವಳಂಗ ರಸ್ತೆಯ ಚಿಕ್ಕಪ್ಪನ ಮನೆಯಲ್ಲಿ ಚಿಕ್ಕಮ್ಮ ಹಾಸಿಗೆ ಹಿಡಿದರು. ಅಡುಗೆಗೆ ಒಬ್ಬಳು ಬೇಕಿತ್ತು, ಗಿರಿಜಾ ಇದ್ದಳು. ಪರೀಕ್ಷೆ ಹೋಯಿತು. ಗಂಡು ಹುಡುಕುವ ಮಾತು ಯಾರೂ ಎತ್ತಲಿಲ್ಲ. ಈಗಲೂ ಅದೇ ಮನೆಯಲ್ಲಿ, ಚಿಕ್ಕಪ್ಪನ ಮಗನ ಸಂಸಾರಕ್ಕೆ ಬೇಯಿಸಿ ಹಾಕುತ್ತಾ ಇದ್ದಾಳೆ.

ನಾವೂ ಶಿವಮೊಗ್ಗಕ್ಕೇ ಬಂದು ರವೀಂದ್ರನಗರದಲ್ಲಿ ಮನೆ ಕಟ್ಟಿಸಿದಾಗ ಆ ಸಿಂಕನ್ನೂ ಕಿತ್ತು ತಂದರು ನಮ್ಮವರು. ಸೋಡಾ, ನಿಂಬೆಹಣ್ಣು, ಹಲ್ಲುಪುಡಿ — ಏನೆಲ್ಲ ಹಾಕಿ ಉಜ್ಜಿದ್ದೇನೆ. ಸ್ಟೀಲಿನ ಸಣ್ಣ ಗೆರೆ ಹೋದ ಕಡೆಗೇ ಉಜ್ಜಬೇಕು, ತೊಳೆದ ಮೇಲೆ ನೀರು ನಿಲ್ಲದ ಹಾಗೆ ಒರೆಸಬೇಕು ಅನ್ನುವುದನ್ನೂ ಕಲಿತೆ. ಅಂಚೆಲ್ಲ ಥಳಥಳ ಅನ್ನುತ್ತದೆ. ತಳದ ಗುಳಿ ಮಾತ್ರ ಹಾಗೇ ಇದೆ. ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮ ಗಿರಿಜಾ ಬೂದಿ ಹಾಕಿ ಕೆಡಿಸಿದ್ದು" ಅಂತ ನಗುವುದು ನಮ್ಮವರಿಗೆ ಅಭ್ಯಾಸ. ಹೋದ ತಿಂಗಳು ಹೊಸ ಸೊಸೆಗೂ ಹೇಳಿದರು, ಗಿರಿಜಾ ಎದುರಿಗೇ. ಸೊಸೆ ನಕ್ಕಳು. ಗಿರಿಜಾಳೂ ನಕ್ಕಳು. ನಾನೂ ನಕ್ಕೆ — ಹೌದು, ನಾನೂ.

ಕಾಫಿ ಕುಡಿದ ಮೇಲೆ ಅವಳು ಎಂದಿನಂತೆ ತನ್ನ ಲೋಟ ಹಿಡಿದು ಹಿತ್ತಲಿಗೆ ಹೋದಳು. ಆ ದಿನದಿಂದ ಈವರೆಗೆ ಅವಳು ನಮ್ಮ ಸಿಂಕು ಮುಟ್ಟಿಲ್ಲ. ಹಿತ್ತಲ ನಲ್ಲಿಯ ಕೆಳಗೆ ಬಗ್ಗಿ, ತನ್ನ ಒಂದು ಲೋಟ ತೊಳೆದು, ಬೋರಲು ಹಾಕಿ ಹೋಗುತ್ತಾಳೆ. ನಾನು ಕಿಟಕಿಯಿಂದ ನೋಡುತ್ತೇನೆ. ಇಷ್ಟು ವರ್ಷ ಬರೀ ನೋಡಿದ್ದೇನೆ.

ಗೌರಿ ಹಬ್ಬಕ್ಕೆ ಊಟಕ್ಕೆ ಬರುತ್ತಾಳೆ. ಅವಳು ಲೋಟ ಹಿಡಿದು ಎದ್ದಾಗ, ಅವಳಣ್ಣನ ಎದುರು, ಮಗ ಸೊಸೆಯ ಎದುರು ಹೇಳುತ್ತೇನೆ — ಕೆಡಿಸಿದವಳು ನಾನು, ಸುಳ್ಳು ಹೇಳಿದವಳೂ ನಾನು ಅಂತ. ಕ್ಷಮಿಸು ಅಂತ ಕೇಳುವುದಿಲ್ಲ, ಕೇಳಿದರೆ ಪಾಪ ಕ್ಷಮಿಸಿಬಿಡುತ್ತಾಳೆ. ಆಮೇಲೆ ಆ ಲೋಟವನ್ನು ಎಲ್ಲಿ ತೊಳೆಯುವುದು ಅನ್ನುವುದು ಅವಳಿಗೆ ಬಿಟ್ಟಿದ್ದು.