ಭೋಂಗಾ ಆಗದ ದಿನ

ಭೋಂಗಾ ಆಯಿತೆಂದರೆ ಕಾಸಿಂ ಚಾಚಾ ನಟ್ಟು ಬಿಚ್ಚುತ್ತಿದ್ದ ಪಾನಾ ಅಲ್ಲೇ ಬಿಟ್ಟು, ಹೆಂಡತಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ರಸ್ತೆ ದಾಟುತ್ತಿದ್ದರು. ಮೇಲಿನ ಅಣೆಕಟ್ಟಿನ ಗೇಟು ತೆರೆಯುವ ಮುಂಚೆ ಕೂಗುವ ಸೈರನ್ನಿಗೆ ದಾಂಡೇಲಿಯ ನಮ್ಮ ಓಣಿಯಲ್ಲಿ ಭೋಂಗಾ ಎಂದೇ ಹೆಸರು. ಬೀಬಿಜಾನ್ ಚಾಚಿಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಆಕೆಯನ್ನು ಎದುರಿನ ನಮ್ಮ ಮಹಡಿಯಲ್ಲಿ ಕೂರಿಸಿದ ಮೇಲೆಯೇ ಚಾಚಾ ಗ್ಯಾರೇಜಿನ ಸಾಮಾನಿಗೆ ಕೈ ಹಚ್ಚುತ್ತಿದ್ದುದು. ನೀರು ಬರಲಿ ಬಿಡಲಿ, ಈ ಮೆರವಣಿಗೆ ತಪ್ಪುತ್ತಿರಲಿಲ್ಲ. "ಈ ವಯಸ್ಸಿನ್ಯಾಗ ಓಣಿ ತುಂಬ ನನ್ನ ಬಾರಾತ್ ತಗೀತಾರ ನೋಡ್ರಿ" ಎಂದು ಚಾಚಿ ಸೆರಗು ಎಳೆದುಕೊಂಡು ನಗುತ್ತಿದ್ದರು.

ಚಾಚಾ ಅಂಥ ದೊಡ್ಡ ಮೆಕ್ಯಾನಿಕ್ ಏನಲ್ಲ. ನನ್ನ ಸ್ಕೂಟರ್ ಬಿಚ್ಚಿ ಕಟ್ಟಿದಾಗಲೆಲ್ಲ ಒಂದೆರಡು ನಟ್ಟು ಉಳಿದೇ ಉಳಿಯುತ್ತಿದ್ದವು. "ಕಂಪನಿಯವ್ರು ಹೆಚ್ಚಿಗಿ ಹಾಕಿರ್ತಾರ ಮಾಸ್ತರ್ರ" ಎಂದು ಅವನ್ನು ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು.

ಅವರ ಮನೆಯೂ ಆಗಿದ್ದ ಗ್ಯಾರೇಜಿನ ಒಂದು ಬದಿಗೆ ರಸ್ತೆ, ಬೆನ್ನಿಗೆ ಹಳ್ಳ. ಗುಡ್ಡದಿಂದ ಇಳಿದು ಕಾಳಿ ನದಿ ಸೇರುವ ಹಳ್ಳ ಅದು. ಬೇಸಿಗೆ ಬಂತೆಂದರೆ ಚಾಚಾ ಹಳೇ ಟಾಯರು, ಇಟ್ಟಂಗಿ ಚೂರು ಸುರಿದು ತಮ್ಮ ಹಿತ್ತಿಲನ್ನು ಅದರೊಳಗೆ ಚೂರುಚೂರೇ ಬೆಳೆಸುತ್ತಿದ್ದರು. ಆಚೆ ದಂಡೆಯವರೂ ಕಮ್ಮಿ ಇರಲಿಲ್ಲ. ನೀರು ಹೋಗುವುದು ಹೇಗೆ ಎಂದು ನಾನು ಕೇಳಿದರೆ, "ಅರೇ, ಬ್ಯಾಸಗ್ಯಾಗ ಬೆಕ್ಕು ಜಿಗದು ಹೋಗ್ತೈತಿ, ಇದಕ್ಕ ಇನ್ನ ಎಷ್ಟ ಜಾಗಾ ಬೇಕ್ರಿ? ಅಂಜೂದಿದ್ರ ಹೊಳಿಗೆ ಅಂಜಬೇಕು" ಎನ್ನುತ್ತಿದ್ದರು. ಅತ್ತ ಗುಡ್ಡದಲ್ಲಿ ಮರ ಕಡಿದು ಪ್ಲಾಟು ಮಾಡಿದ್ದರು. ಮಳೆ ಬಿದ್ದರೆ ಅಲ್ಲಿನ ಕೆಂಪು ಮಣ್ಣೆಲ್ಲ ಬಂದು ಹಳ್ಳದ ತಳದಲ್ಲಿ ಕೂರುತ್ತಿತ್ತು. ನಾವೆಲ್ಲ ನದಿಯ ಕಡೆ ಕಿವಿ ಕೊಟ್ಟು ಆರಾಮಾಗಿದ್ದೆವು.

ಆ ಶ್ರಾವಣದ ಮಧ್ಯಾಹ್ನದ ಮಳೆ ಬೇರೆಯೇ ಥರದ್ದು. ಈಚೆಗೆ ಹೀಗೇ, ವಾರವೆಲ್ಲ ಬೀಳಬೇಕಾದದ್ದು ಒಂದೇ ಹೊತ್ತಿಗೆ ಬೀಳುತ್ತದೆ. "ಚಾಚಾ, ಚಾಚಿನ ಕರಕೊಂಡು ಬಂದುಬಿಡ್ರಿ" ಎಂದು ಮಹಡಿಯಿಂದ ಕೂಗಿದೆ. ಹಳಿಯಾಳ ರಸ್ತೆಯಲ್ಲಿ ಯಾರದೋ ಗಾಡಿ ಕೆಟ್ಟು ನಿಂತಿತ್ತು. ಚಾಚಾ ಅಲ್ಲಿಗೆ ಹೊರಟಿದ್ದರು.

"ಭೋಂಗಾ ಎಲ್ಲೆ ಆಗೇತ್ರಿ ಮಾಸ್ತರ್ರ? ಆಕಿ ಈಗರೆ ಮಲಗ್ಯಾಳ. ಹಿಂಗ ಹೋಗಿ ಹಂಗ ಬರ್ತೇನಿ."

ಭೋಂಗಾ ಆಗಲೇ ಇಲ್ಲ. ಯಾಕಾದರೂ ಆಗಬೇಕು? ಅಣೆಕಟ್ಟಿನ ಗೇಟು ಮುಚ್ಚಿಯೇ ಇತ್ತು. ನೀರು ಬಂದದ್ದು ಹಿಂದಿನ ಹಳ್ಳದಿಂದ. ಕೆಳಗಿನ ಮೋರಿಗೆ ಕೊಂಬೆ, ಮಣ್ಣು, ಟಾಯರು ಸಿಕ್ಕಿಕೊಂಡಿದ್ದವು. ಮುಂದೆ ಹೋಗಲಾಗದ ನೀರು ಗ್ಯಾರೇಜಿನ ಹಿಂದಿನ ಗೋಡೆ ಕೆಡವಿ ಒಳಗೆ ನುಗ್ಗಿತು. ನಾವು ನಾಲ್ಕೈದು ಜನ ಹಗ್ಗ ಹಿಡಿದು ಇಳಿದರೂ ಬಾಗಿಲು ಮುಟ್ಟಲಾಗಲಿಲ್ಲ. ನೀರು ಇಳಿದ ಮೇಲೆ ಚಾಚಿ ಮಂಚದ ಪಕ್ಕದಲ್ಲೇ ಸಿಕ್ಕರು.

ಅಷ್ಟರಲ್ಲಿ ಓಡಿ ಬಂದಿದ್ದ ಚಾಚಾ ಆಕೆಯ ಮುಖದ ಕೆಸರು ಒರೆಸುತ್ತ, ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಭೋಂಗಾ ಆಗಿತ್ತೇನ್ರಿ? ನನಗ ಕೇಳಿಸ್ಲಿಲ್ಲೇನು?" ಆಗಿಲ್ಲವೆಂದು ಎಷ್ಟು ಹೇಳಿದರೂ ನಂಬಲಿಲ್ಲ. ಆಮೇಲೆ ಮುಂಡಗೋಡದ ಮಗಳು ಬಂದು ಕರೆದುಕೊಂಡು ಹೋದಳು.

ನಾನು ಅವರನ್ನು ಕೊನೆಗೆ ನೋಡಿದ್ದು ಮುಂದಿನ ಮಳೆಗಾಲದಲ್ಲಿ, ಉಳಿದ ಕಬ್ಬಿಣವನ್ನು ಗುಜರಿಗೆ ಹಾಕಲು ಬಂದಿದ್ದಾಗ. ಆಚೆ ದಂಡೆಯಲ್ಲಿ ಯಾರೋ ಆಗಲೇ ಮತ್ತೆ ಇಟ್ಟಂಗಿ ಚೂರು ಸುರಿದಿದ್ದರು. ಚಾಚಾ ಆ ಕಡೆ ನೋಡಲೂ ಇಲ್ಲ. ಅಷ್ಟರಲ್ಲಿ ಭೋಂಗಾ ಆಯಿತು. ಓಣಿಯವರೆಲ್ಲ ಗಂಟುಮೂಟೆ ಎತ್ತತೊಡಗಿದರು. ಚಾಚಾ ಪಾನಾ ಬಿಟ್ಟು ಎದ್ದರು, ಮಂಚವಿದ್ದ ಮೂಲೆಗೆ ಹೋಗಿ ಬಗ್ಗಿ, ಎರಡೂ ತೋಳು ಚಾಚಿದರು. ಹಾಗೇ ನಿಂತುಬಿಟ್ಟರು.

"ಬರ್ರಿ ಚಾಚಾ, ಮ್ಯಾಲ ಹೋಗೂಣು" ಎಂದು ಭುಜ ಹಿಡಿದೆ.

"ಯಾರನ್ನ ಎತಗೊಂಡು ಬರ್ಲಿ ಮಾಸ್ತರ್ರ?" ಎಂದರು.